ಬಾನಿನಲ್ಲಿ ಪಂಪು ಏರ್ ಹಿಡಿದರೆ

ಕೆರೆಯ ಕೆಳಗಿನ ಗದ್ದೆಗೆ ಪಂಪು ಬೇಕಿಲ್ಲ. ತೂಬು ಎತ್ತಿದರೆ ನೀರು ತಾನೇ ಇಳಿದು ಬರುತ್ತದೆ. ಕೆರೆಗಿಂತ ಎತ್ತರದ ಹೊಲಕ್ಕೆ ಮಾತ್ರ ಪಂಪಿಲ್ಲದೆ ಗತಿಯಿಲ್ಲ. ಹಾಸನ ಜಿಲ್ಲೆಯ ಬಸ್ತಿಹಳ್ಳಿ, ಹಳೇಬೀಡು, ಜಾವಗಲ್ ಸುತ್ತಿನ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಾವಿಯ ದಡದಲ್ಲಿ ಮೋಟಾರು ಕೂರಿಸಿ ಆಳದ ನೀರನ್ನು ಎಳೆಸಿದರೆ ಪೈಪಿನ ಒಂದು ಸಣ್ಣ ಬಿರುಕಿನಿಂದಲೂ ಗಾಳಿ ನುಗ್ಗುತ್ತದೆ, ಮೋಟಾರು ತಿರುಗುತ್ತಿದ್ದರೂ ನೀರು ಬರುವುದಿಲ್ಲ. ‘ಏರ್ ಹಿಡಿದಿದೆ’ ಎಂದು ರೈತ ಮುಚ್ಚಳ ಬಿಚ್ಚಿ, ಒಂದು ಕೊಡ ನೀರು ಸುರಿದು ಮತ್ತೆ ಸ್ವಿಚ್ ಒತ್ತುತ್ತಾನೆ. ಅದೇ ಪಂಪನ್ನು ನೀರಿನೊಳಗೇ ಇಳಿಸಿದರೆ ಈ ತಾಪತ್ರಯವಿಲ್ಲ. ಸಬ್‌ಮರ್ಸಿಬಲ್ ಪಂಪು ಎಳೆಯುವುದಿಲ್ಲ, ತಳ್ಳುತ್ತದೆ.

ಮನೆಯಲ್ಲೇ ವಿಮಾನ ಕಟ್ಟುವವರ ಮುಂದಿರುವ ದೊಡ್ಡ ಪ್ರಶ್ನೆಗಳಲ್ಲಿ ಒಂದು ಇದೇ ಭೌತಶಾಸ್ತ್ರದ ಮೇಲೆ ನಿಂತಿದೆ. ಟ್ಯಾಂಕಿನ ಪೆಟ್ರೋಲನ್ನು ಎಂಜಿನ್ನಿಗೆ ಮುಟ್ಟಿಸಲು ಯಾವ ಪಂಪು ಬೇಕು, ಎಷ್ಟು ಬೇಕು, ಎಲ್ಲಿ ಕೂರಿಸಬೇಕು? ಹೊಲದ ಪಂಪಿಗೂ ಇದಕ್ಕೂ ವ್ಯತ್ಯಾಸವಿರುವುದು ಸಮಯದಲ್ಲಿ. ನೆಲದಿಂದ 300 ಮೀಟರ್ ಮೇಲೆ ಎಂಜಿನ್ ನಿಂತ ಸಣ್ಣ ವಿಮಾನಕ್ಕೆ ಉಳಿಯುವುದು ಹೆಚ್ಚೆಂದರೆ ಒಂದೂವರೆ ನಿಮಿಷ. ಮುಚ್ಚಳ ಬಿಚ್ಚಿ ನೀರು ಸುರಿಯುವ ಅವಕಾಶ ಅಲ್ಲಿಲ್ಲ.

ಬೆಂಗಳೂರಿನ ಒಂದು ವಿಮಾನ

ಸ್ವಂತ ಕೈಯಿಂದ ವಿಮಾನ ಕಟ್ಟುವುದು ನಮ್ಮಲ್ಲಿ ಅಪರೂಪ. ಮುಂಬೈನ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಆರು ಆಸನಗಳ ವಿಮಾನ ಕಟ್ಟಿ, ವರ್ಷಗಟ್ಟಲೆ ಕಚೇರಿಗಳಿಗೆ ಅಲೆದು 2017ರಲ್ಲಿ ಅದನ್ನು ನೋಂದಣಿ ಮಾಡಿಸಿದ್ದು ದೇಶದಾದ್ಯಂತ ಸುದ್ದಿಯಾಗಿತ್ತು. ಅಮೆರಿಕದಲ್ಲಿ ಇದೊಂದು ಚಳವಳಿಯೇ ಆಗಿದೆ. ಪಾಲ್ ಪೊಬೆರೆಜ್ನಿ 1953ರಲ್ಲಿ ಹುಟ್ಟುಹಾಕಿದ ಪ್ರಾಯೋಗಿಕ ವಿಮಾನ ಸಂಘ ಇಂಥ ಹವ್ಯಾಸಿಗಳ ದೊಡ್ಡ ಬಳಗ. ಆಷ್‌ಕಾಷ್ ಊರಿನಲ್ಲಿ ಅದು ವರ್ಷಕ್ಕೊಮ್ಮೆ ನಡೆಸುವ ಮೇಳಕ್ಕೆ ಸಾವಿರಾರು ವಿಮಾನಗಳು ಹಾರಿ ಬರುತ್ತವೆ.

ಈ ಚಳವಳಿಯ ಒಂದು ಎಳೆ ಕರ್ನಾಟಕಕ್ಕೂ ತಾಗಿದೆ. ಅಮೆರಿಕದ ಬರ್ಟ್ ರುಟಾನ್ 1979ರಲ್ಲಿ ಹಾರಿಸಿದ ಲಾಂಗ್-ಈಜಿ ಹವ್ಯಾಸಿಗಳಿಗೆಂದೇ ರೂಪಿಸಿದ ವಿಮಾನ. ಫೋಮ್ ಕತ್ತರಿಸಿ, ಮೇಲೆ ಗಾಜುನಾರಿನ ಬಟ್ಟೆ ಹಾಸಿ, ಎಪಾಕ್ಸಿ ಅಂಟು ಬಳಿದು ಗ್ಯಾರೇಜಿನಲ್ಲೇ ಅದನ್ನು ಕಟ್ಟಬಹುದಿತ್ತು. ಮೂತಿಯ ಬಳಿ ಪುಟ್ಟ ರೆಕ್ಕೆ, ಬೆನ್ನ ಹಿಂದೆ ಎಂಜಿನ್ನು ಮತ್ತು ಪ್ರೊಪೆಲರ್. ಬೆಂಗಳೂರಿನ ಎನ್‌ಎಎಲ್, ಅಂದಿನ ಹೆಸರಿನಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ, ಇದೇ ವಿನ್ಯಾಸವನ್ನು ಆಧರಿಸಿ ಎಲ್‌ಸಿಆರ್‌ಎ ಎಂಬ ಸಂಶೋಧನಾ ವಿಮಾನ ಕಟ್ಟಿ 1987ರಲ್ಲಿ ಹಾರಿಸಿತು. ಆಗ ಅಲ್ಲಿ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ. ಲೋಹದ ಬದಲು ನಾರು ಮತ್ತು ರಾಳದಿಂದ ವಿಮಾನ ಕಟ್ಟುವ ಕೆಲಸದಲ್ಲಿ ಬೆಂಗಳೂರಿನ ಎಂಜಿನಿಯರುಗಳು ಕೈ ಪಳಗಿಸಿಕೊಂಡ ಕಾಲ ಅದು. ಮುಂದೆ ಅದೇ ಸಂಸ್ಥೆಯಿಂದ ಎರಡು ಆಸನಗಳ ‘ಹಂಸ’ ಬಂತು. ಅದರ ಮೊದಲ ಮಾದರಿ 1993ರಲ್ಲಿ ಹಾರಿತು, ಹಂಸ-3ಕ್ಕೆ 2000ದಲ್ಲಿ ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಪ್ರಮಾಣಪತ್ರ ಸಿಕ್ಕಿತು.

  

ಎತ್ತರದ ಟ್ಯಾಂಕು, ತಗ್ಗಿನ ಟ್ಯಾಂಕು

ಸೆಸ್ನಾ 152 ಎಂಬ ತರಬೇತಿ ವಿಮಾನದಲ್ಲಿ ಇಂಧನ ಪಂಪೇ ಇಲ್ಲ. ರೆಕ್ಕೆ ಪೈಲಟ್‌ನ ತಲೆಯ ಮೇಲಿದೆ, ಟ್ಯಾಂಕು ರೆಕ್ಕೆಯೊಳಗಿದೆ, ಕಾರ್ಬೊರೇಟರ್ ಎಂಜಿನ್ನಿನ ತಳದಲ್ಲಿದೆ. ತೂಬು ತೆರೆದ ಕೆರೆಯ ನೀರಿನಂತೆ ಪೆಟ್ರೋಲು ಇಳಿಯುತ್ತದೆ. ಇಲ್ಲದ ಪಂಪು ಕೆಡುವುದೂ ಇಲ್ಲ. ಹಾಗಾಗಿ ಹೊಸದಾಗಿ ವಿಮಾನ ಕಟ್ಟುವವರು ಮೊದಲು ಕೇಳಿಕೊಳ್ಳಬೇಕಾದದ್ದು ‘ಯಾವ ಪಂಪು’ ಎಂದಲ್ಲ, ‘ಪಂಪು ಬೇಕೇ’ ಎಂದು.

ಉತ್ತರ ಎರಡು ಸಂಗತಿಗಳ ಮೇಲೆ ನಿಂತಿದೆ: ಟ್ಯಾಂಕು ಎಷ್ಟು ಎತ್ತರದಲ್ಲಿದೆ ಮತ್ತು ಎಂಜಿನ್ ಎಷ್ಟು ಒತ್ತಡ ಕೇಳುತ್ತದೆ. ಪೆಟ್ರೋಲು ನೀರಿಗಿಂತ ಹಗುರ. ಒಂದು ಮೀಟರ್ ಎತ್ತರದ ಪೆಟ್ರೋಲು ತಳದಲ್ಲಿ ಹುಟ್ಟಿಸುವ ಒತ್ತಡ ಸುಮಾರು 0.07 ಬಾರ್. ಜಗತ್ತಿನಾದ್ಯಂತ ಹಗುರ ವಿಮಾನಗಳಲ್ಲಿ ಹೆಚ್ಚಾಗಿ ಕಾಣುವ ರೋಟಾಕ್ಸ್ 912 ಯುಎಲ್‌ಎಸ್ ಎಂಜಿನ್ನಿನ ಕಾರ್ಬೊರೇಟರ್‌ಗಳಿಗೆ ಕನಿಷ್ಠ 0.15 ಬಾರ್ ಬೇಕು. ಅಂದರೆ ಎರಡು ಮೀಟರಿಗೂ ಹೆಚ್ಚು ಎತ್ತರದಿಂದ ಇಂಧನ ಇಳಿಯಬೇಕು. ಇಷ್ಟು ಎತ್ತರದ ಅಂತರ ಪುಟ್ಟ ವಿಮಾನದಲ್ಲಿ ಎಲ್ಲಿಂದ ಬರಬೇಕು? ರೆಕ್ಕೆ ತಲೆಯ ಮೇಲಿದ್ದರೂ ಈ ಎಂಜಿನ್ನಿಗೆ ಪಂಪು ಬೇಕೇ ಬೇಕು. ರೆಕ್ಕೆ ಕೆಳಗಿರುವ ವಿನ್ಯಾಸಗಳಲ್ಲಂತೂ ರೆಕ್ಕೆಯೊಳಗಿನ ಟ್ಯಾಂಕು ಎಂಜಿನ್ನಿಗಿಂತ ತಗ್ಗಿನಲ್ಲೇ ಇರುತ್ತದೆ. ಲಾಂಗ್-ಈಜಿಯಲ್ಲೂ ರೆಕ್ಕೆಬುಡದ ಟ್ಯಾಂಕುಗಳ ಎತ್ತರ ಸಾಲದು. ಎಂಜಿನ್ನಿಂದ ತಿರುಗುವ ಒಂದು ಪಂಪು, ಜೊತೆಗೆ ವಿದ್ಯುತ್ತಿನ ಒಂದು ಸಹಾಯಕ ಪಂಪು, ಹೀಗೆ ಎರಡನ್ನು ಅದರ ನಕ್ಷೆ ಕೇಳುತ್ತದೆ.

ಎಳೆತ ಏಕೆ ಅಪಾಯ

ನೀರನ್ನು ಎಳೆಯುವಾಗ ಒಳನುಗ್ಗುವ ಗಾಳಿಯೇ ಮುಖ್ಯ ಶತ್ರು. ಪೆಟ್ರೋಲಿಗೆ ಇನ್ನೊಂದು ಶತ್ರು ಇದೆ, ಅದು ಪೆಟ್ರೋಲಿನ ಒಳಗೇ ಇದೆ. ಪೆಟ್ರೋಲು ಬೇಗ ಆವಿಯಾಗುತ್ತದೆ. ಪಂಪು ಎಳೆದಾಗ ಅದರ ಹಿಂದಿನ ಪೈಪಿನಲ್ಲಿ ಒತ್ತಡ ಇಳಿಯುತ್ತದೆ. ಇಳಿದ ಒತ್ತಡ ಇಂಧನದ ಆವಿ ಒತ್ತಡಕ್ಕಿಂತ ಕೆಳಗೆ ಹೋದ ಕ್ಷಣ ಪೈಪಿನೊಳಗೇ ಇಂಧನ ಕುದಿಯುತ್ತದೆ. ಹೊರಗಿನ ಗಾಳಿಯ ಒಂದು ಕಣವೂ ಒಳಗೆ ಬಾರದೆ ಪಂಪಿನ ತುಂಬ ಆವಿ ಸೇರಿಕೊಳ್ಳುತ್ತದೆ. ಇದೇ ವೇಪರ್ ಲಾಕ್.

ವಿಮಾನಗಳಿಗೆಂದೇ ತಯಾರಾಗುವ 100 ಎಲ್‌ಎಲ್ ಪೆಟ್ರೋಲಿನ ಆವಿ ಒತ್ತಡ 38 ಡಿಗ್ರಿ ಸೆಲ್ಸಿಯಸ್‌ನಲ್ಲಿ 49 ಕಿಲೋಪಾಸ್ಕಲ್ ಮೀರುವಂತಿಲ್ಲ. ನಮ್ಮ ಬಂಕುಗಳ ಪೆಟ್ರೋಲಿಗೆ ಈ ಮಿತಿ 60. ಬಸ್ತಿಹಳ್ಳಿಯಂತೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಊರಿನಲ್ಲಿ ಗಾಳಿಯ ಒತ್ತಡವೇ 91 ಕಿಲೋಪಾಸ್ಕಲ್ ಆಸುಪಾಸು. 3,000 ಮೀಟರಿಗೆ ಏರಿದರೆ ಅದು 70ಕ್ಕೆ ಇಳಿಯುತ್ತದೆ. ಬಂಕಿನ ಪೆಟ್ರೋಲು 38 ಡಿಗ್ರಿ ಬಿಸಿಯಲ್ಲೇ ಇದ್ದರೆ ಉಳಿಯುವ ಅಂತರ ಹತ್ತೇ ಕಿಲೋಪಾಸ್ಕಲ್. ಪಂಪು ಇಂಧನವನ್ನು ಒಂದು ಮೀಟರ್ ಮೇಲಕ್ಕೆ ಎಳೆಯಬೇಕಾದರೆ ಅದರಲ್ಲಿ ಏಳು ಖರ್ಚು. ಒಂದೆರಡು ಬಿಗಿ ತಿರುವು, ಅರ್ಧ ಕಟ್ಟಿದ ಒಂದು ಫಿಲ್ಟರು ಸೇರಿದರೆ ಉಳಿದದ್ದೂ ಮುಗಿಯಿತು. ಬೇಸಿಗೆಯ ಮಧ್ಯಾಹ್ನ ಬಿಸಿಲಲ್ಲಿ ನಿಂತ ವಿಮಾನದ ಮೂತಿಯೊಳಗಿನ ಪೈಪು 38 ಡಿಗ್ರಿಯನ್ನು ಎಂದೋ ದಾಟಿರುತ್ತದೆ.

ಆದ್ದರಿಂದಲೇ ಅನುಭವಿ ನಿರ್ಮಾತೃಗಳು ವಿದ್ಯುತ್ ಪಂಪನ್ನು ಟ್ಯಾಂಕಿಗೆ ಸಾಧ್ಯವಾದಷ್ಟು ಹತ್ತಿರ, ಸಾಧ್ಯವಾದಷ್ಟು ತಗ್ಗಿನಲ್ಲಿ, ಎಂಜಿನ್ ಕೋಣೆಯ ಬಿಸಿಯಿಂದ ದೂರ ಕೂರಿಸುತ್ತಾರೆ. ಎಂಜಿನ್ನಿಗೂ ಕಾಕ್‌ಪಿಟ್ಟಿಗೂ ನಡುವಿನ ಬೆಂಕಿ ಗೋಡೆಯ ತಂಪಾದ ಮಗ್ಗುಲಲ್ಲಿ ಪಂಪಿದ್ದರೆ ಅಲ್ಲಿಂದ ಮುಂದಿನ ಇಡೀ ದಾರಿ ಒತ್ತಡದಲ್ಲಿರುತ್ತದೆ. ಒತ್ತಡದಲ್ಲಿರುವ ಇಂಧನ ಸುಲಭವಾಗಿ ಕುದಿಯುವುದಿಲ್ಲ. ಬಿಸಿ ಕಡೆಯಲ್ಲೇ ಉಳಿಯಬೇಕಾದ ಪೈಪಿಗೆ ಬೆಂಕಿ ತಡೆಯುವ ಕವಚ, ಪಂಪಿಗೆ ತಣ್ಣನೆ ಗಾಳಿ ಊದುವ ಸಣ್ಣ ಕೊಳವೆ ಬೇಕು. ಸೈಲೆನ್ಸರಿನ ಕೊಳವೆಯ ಪಕ್ಕದಲ್ಲಿ ಇಂಧನದ ಪೈಪು ಹಾಯಿಸಲೇಬಾರದು.

ಯಾವ ಪಂಪು?

ಮೊದಲನೆಯದು ಎಂಜಿನ್ನೇ ಓಡಿಸುವ ಡಯಾಫ್ರಂ ಪಂಪು. ರಬ್ಬರಿನಂಥ ಪೊರೆಯೊಂದು ಮೇಲೆ ಕೆಳಗೆ ಮಿಡಿಯುತ್ತ ಇಂಧನವನ್ನು ಸಾಗಿಸುತ್ತದೆ. ಕರೆಂಟು ಬೇಡ, ಎಂಜಿನ್ ತಿರುಗುವವರೆಗೂ ಇದೂ ದುಡಿಯುತ್ತದೆ. ಆದರೆ ಇದು ಕೂರುವ ಜಾಗವೇ ಬಿಸಿಯ ಜಾಗ, ಮತ್ತು ಟ್ಯಾಂಕಿನಿಂದ ಎಳೆಯುವುದು ಇದರ ಸ್ವಭಾವ. ಪೊರೆ ಹರಿದರೆ ಸೋರುವ ಪೆಟ್ರೋಲು ಬಿಸಿ ಎಂಜಿನ್ನಿನ ಮೇಲೆ ಬೀಳದಂತೆ ವಿಮಾನದ ಹೊರಕ್ಕೆ ಒಯ್ಯುವ ಸಣ್ಣ ಕೊಳವೆಯನ್ನು ತಪ್ಪದೆ ಜೋಡಿಸಬೇಕು.

ಎರಡನೆಯದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ವಿದ್ಯುತ್ ಪಂಪು. ಫ್ಯಾಸೆಟ್ ಕಂಪನಿಯ ಚೌಕಾಕಾರದ ಪಂಪು ಹವ್ಯಾಸಿಗಳ ವಲಯದಲ್ಲಿ ಮನೆಮಾತು. ಸ್ವಿಚ್ ಹಾಕಿದರೆ ಟಕಟಕ ಸದ್ದು, ಒಳಗೆ ಕೊಂತವೊಂದು ಹಿಂದೆ ಮುಂದೆ ಆಡುತ್ತದೆ. ಒತ್ತಡ ಕಡಿಮೆ, ಕರೆಂಟಿನ ಹಸಿವೂ ಕಡಿಮೆ. ನಿಂತುಹೋದರೂ ಅದರ ಮೂಲಕವೇ ಇಂಧನ ಹರಿದುಹೋಗಬಲ್ಲದು, ಹಾಗಾಗಿ ಇದನ್ನು ಎಂಜಿನ್ ಪಂಪಿನ ಹಿಂದೆ ಒಂದೇ ಸಾಲಿನಲ್ಲಿ ಕೂರಿಸಬಹುದು. ಕಾರ್ಬೊರೇಟರ್ ಇರುವ ಎಂಜಿನ್ನಿಗೆ ಈ ಎರಡರ ಜೋಡಿ ದಶಕಗಳಿಂದ ಒಗ್ಗಿಬಂದಿದೆ.

ಮೂರನೆಯದು ಇಂಜೆಕ್ಷನ್ ಎಂಜಿನ್ನುಗಳ ಹೆಚ್ಚು ಒತ್ತಡದ ಪಂಪು, ಕಾರುಗಳಲ್ಲಿ ಕಾಣುವ ಬಗೆ. ರೋಟಾಕ್ಸ್ 912 ಐಎಸ್ ಎಂಜಿನ್ನಿಗೆ ಬೇಕಾದ ಒತ್ತಡ ಸುಮಾರು 3 ಬಾರ್, ಅಂದರೆ 40 ಮೀಟರಿಗೂ ಎತ್ತರದ ಪೆಟ್ರೋಲಿನ ತೂಕ. ಇಂಥ ಪಂಪು ತಳ್ಳುವುದರಲ್ಲಿ ಗಟ್ಟಿಗ, ಎಳೆಯುವುದರಲ್ಲಿ ಸೋಮಾರಿ. ಅದರ ಒಳಭಾಗ ತಂಪಾಗುವುದೂ ನುಣುಪಾಗಿರುವುದೂ ಹರಿಯುವ ಇಂಧನದಿಂದಲೇ, ಹೀಗಾಗಿ ಬರಿದಾಗಿ ಓಡಿಸಿದರೆ ಸವೆದುಹೋಗುತ್ತದೆ. ಅದನ್ನು ಟ್ಯಾಂಕಿನ ಮಟ್ಟಕ್ಕಿಂತ ಕೆಳಗೆ ಕೂರಿಸುವುದು ಕಡ್ಡಾಯವೆಂದೇ ತಿಳಿಯಬೇಕು.

ಹೆಚ್ಚು ಒತ್ತಡ ಇದ್ದಷ್ಟೂ ಒಳ್ಳೆಯದು ಎಂಬ ಎಣಿಕೆ ತಪ್ಪು. ಕಾರ್ಬೊರೇಟರ್ ಇರುವ 912 ಎಂಜಿನ್ನಿಗೆ ಹಳೆಯ ಮಾದರಿ ಪಂಪಿನಲ್ಲಿ 0.4 ಬಾರ್, ಹೊಸದರಲ್ಲಿ 0.5 ಬಾರ್ ಗರಿಷ್ಠ ಮಿತಿ. ಸಹಾಯಕ ಪಂಪು ಸೇರಿಸುವುದಾದರೆ ಅದು 0.3 ಬಾರ್ ದಾಟಬಾರದೆಂದು ತಯಾರಕರ ಕೈಪಿಡಿ ಹೇಳುತ್ತದೆ, ಏಕೆಂದರೆ ಒಂದೇ ಸಾಲಿನಲ್ಲಿರುವ ಎರಡು ಪಂಪುಗಳ ಒತ್ತಡ ಒಂದಕ್ಕೊಂದು ಕೂಡುತ್ತದೆ. ಮಿತಿ ಮೀರಿದರೆ ಕಾರ್ಬೊರೇಟರಿನ ತೇಲುಗುಂಡು ಸೂಜಿಯನ್ನು ಮುಚ್ಚಿ ಹಿಡಿಯಲಾರದೆ ಪೆಟ್ರೋಲು ಉಕ್ಕಿ ಹರಿಯುತ್ತದೆ. ಎಂಜಿನ್ ಮುಗ್ಗರಿಸುವುದು ಒಂದು ಅಪಾಯವಾದರೆ ಬೆಂಕಿ ಇನ್ನೊಂದು.

ಎರಡು ಪಂಪು, ಎರಡು ಕರೆಂಟು

ಒಂದು ಪಂಪು ಕೈಕೊಟ್ಟಾಗ ಇನ್ನೊಂದು ತಕ್ಷಣ ಹೊಣೆ ಹೊರಬೇಕು ಎಂಬುದು ವಿಮಾನ ನಿಯಮಗಳ ಹಳೆಯ ಪಾಠ. ಅದರ ಬಾಲದಲ್ಲಿರುವ ಮಾತು ಇನ್ನೂ ಮುಖ್ಯ: ಎರಡಕ್ಕೂ ಶಕ್ತಿ ಬೇರೆ ಬೇರೆ ಮೂಲದಿಂದ ಬರಬೇಕು. ಎರಡು ವಿದ್ಯುತ್ ಪಂಪು ಕೂರಿಸಿ ಒಂದೇ ಫ್ಯೂಸಿನಿಂದ ತಂತಿ ಎಳೆದರೆ ಇರುವುದು ಒಂದೇ ಪಂಪು ಎಂದೇ ಲೆಕ್ಕ.

ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಹಂಸ-3ರಲ್ಲಿ ಕುಳಿತ ರೋಟಾಕ್ಸ್ 914 ಎಂಜಿನ್. ಇದು ಟರ್ಬೊ ಎಂಜಿನ್. ಕಾರ್ಬೊರೇಟರಿಗೆ ಹೋಗುವ ಗಾಳಿಯೇ ಒತ್ತಡದಲ್ಲಿರುವುದರಿಂದ ಇಂಧನದ ಒತ್ತಡ ಸದಾ ಅದಕ್ಕಿಂತ ಒಂದಿಷ್ಟು ಮೇಲಿರಬೇಕು. ಎಂಜಿನ್ ಓಡಿಸುವ ಡಯಾಫ್ರಂ ಪಂಪು ಇದರಲ್ಲಿಲ್ಲ, ಎರಡೂ ವಿದ್ಯುತ್ ಪಂಪುಗಳೇ. ಮುಖ್ಯ ಪಂಪಿಗೆ ಎಂಜಿನ್ನಿನ ಜನರೇಟರಿನಿಂದ, ಸಹಾಯಕ ಪಂಪಿಗೆ ಬ್ಯಾಟರಿಯಿಂದ ಕರೆಂಟು ಕೊಡಬೇಕೆಂಬುದು ತಯಾರಕರ ಸೂಚನೆ. ಹೊಸ ಪೀಳಿಗೆಯ ಹಂಸ-ಎನ್‌ಜಿ 2021ರ ಸೆಪ್ಟೆಂಬರ್ 3ರಂದು ಬೆಂಗಳೂರಿನಲ್ಲಿ ಮೊದಲು ಹಾರಿತು. ಅದರ ಎಂಜಿನ್ ಇಂಜೆಕ್ಷನ್ ಇರುವ 912 ಐಎಸ್ ಬಳಗದ್ದು. ಇಂಥ ಎಂಜಿನ್ನಿನಲ್ಲಿ ಕರೆಂಟು ಹೋಯಿತೆಂದರೆ ಪಂಪು ಹೋಯಿತು, ಪಂಪು ಹೋಯಿತೆಂದರೆ ಎಂಜಿನ್ ಹೋಯಿತು. ಜನರೇಟರು ಕೆಟ್ಟ ಮೇಲೆ ಬ್ಯಾಟರಿ ಎಷ್ಟು ನಿಮಿಷ ಪಂಪು ಓಡಿಸಬಲ್ಲದು ಎಂಬುದನ್ನು ನಿರ್ಮಾತೃ ಕಾಗದದ ಮೇಲೆ ಲೆಕ್ಕ ಹಾಕಿದರೆ ಸಾಲದು, ನೆಲದ ಮೇಲೆ ಓಡಿಸಿ ಅಳೆದಿರಬೇಕು.

ಎರಡು ಪಂಪುಗಳನ್ನು ಅಕ್ಕಪಕ್ಕದ ಎರಡು ದಾರಿಗಳಲ್ಲಿ ಕೂರಿಸಿದರೆ ಪ್ರತಿ ದಾರಿಗೂ ಹಿಂದಕ್ಕೆ ಹರಿಯಗೊಡದ ಒಂದು ವಾಲ್ವ್ ಬೇಕು. ಇಲ್ಲವಾದರೆ ಓಡುವ ಪಂಪು ತಳ್ಳಿದ ಇಂಧನ ನಿಂತ ಪಂಪಿನ ಮೂಲಕ ಹಿಂದಿರುಗಿ ಅಲ್ಲೇ ಸುತ್ತುತ್ತದೆ. ಇಂಜೆಕ್ಷನ್ ಎಂಜಿನ್ನಿನಲ್ಲಿ ಬಳಸದೆ ಉಳಿದ ಇಂಧನ ಟ್ಯಾಂಕಿಗೆ ಮರಳುತ್ತದೆ. ಅದು ತಾನು ಹೊರಟ ಟ್ಯಾಂಕಿಗೇ ಮರಳಬೇಕು. ಬಲ ಟ್ಯಾಂಕಿನಿಂದ ಎಳೆದು ಎಡ ಟ್ಯಾಂಕಿಗೆ ಸುರಿಯುವ ಜೋಡಣೆಯಾದರೆ ಎಡ ಟ್ಯಾಂಕು ತುಂಬಿ ಉಸಿರು ಕೊಳವೆಯಿಂದ ಪೆಟ್ರೋಲು ಬಾನಿಗೆ ಚೆಲ್ಲುತ್ತದೆ.

ಆ ಉಸಿರು ಕೊಳವೆಯ ಮೇಲೂ ಒಂದು ಕಣ್ಣಿರಬೇಕು. ಪೆಟ್ರೋಲು ಹೊರಹೋದಷ್ಟೂ ಗಾಳಿ ಟ್ಯಾಂಕಿನ ಒಳಬರಬೇಕು. ಮಲೆನಾಡಿನ ಅಂಚಿನಲ್ಲಿ ನಿಲ್ಲಿಸಿದ ವಿಮಾನದ ಕೊಳವೆಯೊಳಗೆ ಕಡಜ ಮಣ್ಣಿನ ಗೂಡು ಕಟ್ಟಲು ಹೆಚ್ಚು ದಿನ ಬೇಕಿಲ್ಲ. ಕೊಳವೆ ಕಟ್ಟಿದರೆ ಎಂಥ ಪಂಪೂ ಸೋಲುತ್ತದೆ. ಟ್ಯಾಂಕಿನ ಬಾಯಲ್ಲಿ ದೊಡ್ಡ ಕಣ್ಣಿನ ಜರಡಿ, ವ್ಯವಸ್ಥೆಯ ತೀರಾ ತಗ್ಗಿನಲ್ಲಿ ನೀರು ಬಸಿಯುವ ಬಟ್ಟಲು, ಇಂಜೆಕ್ಷನ್ ಇದ್ದರೆ ಪಂಪಿನ ಮುಂದೆ ಸಣ್ಣ ಕಣ್ಣಿನ ಫಿಲ್ಟರು ಇರುವುದು ರೂಢಿ. ಜೋಡಣೆಗಳಿಗೆ ಟೆಫ್ಲಾನ್ ಟೇಪು ಸುತ್ತುವುದು ಬೇಡ. ಹರಿದ ಚೂರೊಂದು ವಾಲ್ವಿನಲ್ಲಿ ಸಿಕ್ಕಿದರೆ ಎಂಜಿನ್ ಹಸಿಯುತ್ತದೆ.

ಕೈಗೆಟುಕದ ಹಿಡಿ

ಪಂಪು ಸರಿಯಾಗಿದ್ದೂ ಇಂಧನ ವ್ಯವಸ್ಥೆ ಜೀವ ತೆಗೆಯಬಲ್ಲದು. ಅಮೆರಿಕದ ಹೆಸರಾಂತ ಹಾಡುಗಾರ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಕಡಲಿಗೆ ಬಿದ್ದು ತೀರಿಕೊಂಡದ್ದು ಲಾಂಗ್-ಈಜಿಯಲ್ಲಿ, ಎನ್‌ಎಎಲ್ ಎಲ್‌ಸಿಆರ್‌ಎಗೆ ಆಧಾರವಾಗಿಸಿಕೊಂಡ ಅದೇ ವಿನ್ಯಾಸದ ವಿಮಾನದಲ್ಲಿ. ರುಟಾನ್ ನಕ್ಷೆಯಂತೆ ಟ್ಯಾಂಕು ಬದಲಿಸುವ ಹಿಡಿ ಪೈಲಟ್‌ನ ಕಾಲುಗಳ ನಡುವೆ ಇರಬೇಕಿತ್ತು. ಆ ವಿಮಾನ ಕಟ್ಟಿದಾತ ಅದನ್ನು ಪೈಲಟ್‌ನ ಎಡ ಭುಜದ ಹಿಂದಕ್ಕೆ ಒಯ್ದಿದ್ದ. ಹಿಡಿಯ ಮೇಲೆ ಗುರುತುಗಳಿರಲಿಲ್ಲ. ಇಂಧನದ ಮಟ್ಟ ತೋರಿಸುವ ಕಿಂಡಿಗಳು ಹಿಂದಿನ ಆಸನದ ಬದಿಗಿದ್ದವು, ಅವಕ್ಕೂ ಗುರುತಿರಲಿಲ್ಲ. ಡೆನ್ವರ್ ಹಾರುವ ಮುನ್ನ ಪೆಟ್ರೋಲು ತುಂಬಿಸಿಕೊಂಡಿರಲಿಲ್ಲ. ಟ್ಯಾಂಕು ಬದಲಿಸಲು ಮೈ ತಿರುಗಿಸಿದಾಗ ಕಾಲು ಅರಿವಿಲ್ಲದೆ ಬಲಗಡೆಯ ರಡ್ಡರ್ ಪೆಡಲನ್ನು ಒತ್ತಿ ವಿಮಾನ ಹತೋಟಿ ತಪ್ಪಿತು ಎಂಬುದು ತನಿಖೆಯ ತೀರ್ಮಾನ. ಇಂಧನ ತುಂಬಿಸದ ಪೈಲಟ್‌ನ ಅಜಾಗ್ರತೆಯ ಜೊತೆಗೆ ಹಿಡಿಯ ಜಾಗ ಬದಲಿಸಿದ ನಿರ್ಮಾತೃವಿನ ನಿರ್ಧಾರವನ್ನೂ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಕಾರಣಗಳ ಪಟ್ಟಿಗೆ ಸೇರಿಸಿತು.

ಪರೀಕ್ಷಿಸಿ ಒಪ್ಪಿದ ವಿನ್ಯಾಸದಲ್ಲಿ ಮಾಡುವ ಪ್ರತಿ ಬದಲಾವಣೆಯೂ ಹೊಸದೊಂದು ವಿನ್ಯಾಸವೇ. ಪಂಪಿನ ಜಾಗ, ಹಿಡಿಯ ಜಾಗ, ಸ್ವಿಚ್ಚಿನ ಜಾಗ ಎಲ್ಲವೂ ಈ ಮಾತಿಗೆ ಒಳಪಟ್ಟಿವೆ. ಬೆಲ್ಟು ಬಿಗಿದು ಕುಳಿತ ಪೈಲಟ್ ತಲೆ ತಿರುಗಿಸದೆ ಪಂಪಿನ ಸ್ವಿಚ್ಚನ್ನೂ ಟ್ಯಾಂಕಿನ ಹಿಡಿಯನ್ನೂ ಮುಟ್ಟುವಂತಿರಬೇಕು.

ಬಂಕಿನ ಪೆಟ್ರೋಲು ಬದಲಾಗಿದೆ

ರೋಟಾಕ್ಸ್ ಎಂಜಿನ್ನುಗಳು ಕಾರಿನ ಪೆಟ್ರೋಲಿನಲ್ಲೂ ಓಡುತ್ತವೆ ಎಂಬುದು ಅವುಗಳ ಜನಪ್ರಿಯತೆಗೆ ಒಂದು ಕಾರಣ. ಆದರೆ ಇಂದು ನಮ್ಮ ಬಂಕುಗಳಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು. ರೋಟಾಕ್ಸ್ 912 ಮತ್ತು 914ಕ್ಕೆ ತಯಾರಕರು ಒಪ್ಪುವುದು ಶೇಕಡಾ 10 ಮಾತ್ರ. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ಬಗೆಯ ರಬ್ಬರ್ ಕೊಳವೆ ಮತ್ತು ಡಯಾಫ್ರಂಗಳನ್ನು ಊದಿಸುತ್ತದೆ, ಟ್ಯಾಂಕಿನ ಒಳಗೋಡೆಯ ಎಪಾಕ್ಸಿಯನ್ನು ಮೆತ್ತಗಾಗಿಸಬಲ್ಲದು. ಟ್ಯಾಂಕೇ ಎಪಾಕ್ಸಿಯಿಂದ ಆದ ಲಾಂಗ್-ಈಜಿ ಬಗೆಯ ವಿಮಾನಕ್ಕೆ ಇದು ಸಣ್ಣ ಮಾತಲ್ಲ. ಪಂಪು ಕೊಳ್ಳುವ ಮುನ್ನವೇ ಯಾವ ಇಂಧನ ಎಂದು ತೀರ್ಮಾನಿಸಿ, ಪಂಪಿನ ಸೀಲುಗಳೂ ಕೊಳವೆಗಳೂ ಅದಕ್ಕೆ ತಾಳುತ್ತವೆಯೇ ಎಂದು ನೋಡಬೇಕು.

ಒಂದು ಅಳತೆಪಾತ್ರೆ, ಒಂದು ಗಡಿಯಾರ

ಇಷ್ಟೆಲ್ಲ ಮಾಡಿದ ಮೇಲೂ ವ್ಯವಸ್ಥೆ ಸರಿಯಿದೆ ಎಂದು ತಿಳಿಯುವುದು ಪರೀಕ್ಷೆಯಿಂದಲೇ. ಅಮೆರಿಕದ ನಿಯಮಗಳಲ್ಲಿ ಬೆಳೆದುಬಂದ ಲೆಕ್ಕ ಸರಳವಾಗಿದೆ: ಪೂರ್ಣ ಶಕ್ತಿಯಲ್ಲಿ ಎಂಜಿನ್ ಕುಡಿಯುವ ಇಂಧನದ ಶೇಕಡಾ 125ರಷ್ಟು ಪಂಪಿನಿಂದ ಬರಬೇಕು, ಪಂಪಿಲ್ಲದೆ ಇಳಿಯುವ ವ್ಯವಸ್ಥೆಯಾದರೆ ಶೇಕಡಾ 150ರಷ್ಟು. ರೋಟಾಕ್ಸ್ 912 ಯುಎಲ್‌ಎಸ್ ಪೂರ್ಣ ಶಕ್ತಿಯಲ್ಲಿ ಗಂಟೆಗೆ 27 ಲೀಟರ್ ಕುಡಿಯುತ್ತದೆ. ಅದರ ಶೇಕಡಾ 125 ಅಂದರೆ ನಿಮಿಷಕ್ಕೆ ಸುಮಾರು 563 ಮಿಲಿಲೀಟರ್.

ಕಾರ್ಬೊರೇಟರಿನ ಬಳಿ ಪೈಪು ಬಿಚ್ಚಿ, ಅಳತೆಪಾತ್ರೆ ಹಿಡಿದು, ಗಡಿಯಾರ ನೋಡುತ್ತ ಪಂಪು ಓಡಿಸಬೇಕು. ವಿಮಾನ ಬಯಲಿನಲ್ಲಿರಲಿ, ಸುತ್ತ ಬೆಂಕಿಯ ಸುಳಿವಿರದಿರಲಿ, ವಿಮಾನಕ್ಕೆ ಭೂಸಂಪರ್ಕದ ತಂತಿ ಹಾಕಿರಲಿ. ಮುಖ್ಯ ಸಂಗತಿಯೆಂದರೆ ವಿಮಾನ ಮಟ್ಟಸವಾಗಿ ನಿಂತಿರಬಾರದು. ಏರುವಾಗ ಮೂತಿ ಎಷ್ಟು ಮೇಲಕ್ಕೆ ಎತ್ತಿರುತ್ತದೋ ಅಷ್ಟೇ ಎತ್ತಿ ನಿಲ್ಲಿಸಬೇಕು. ಎಂಜಿನ್ ಮುಂದಿರುವ ವಿಮಾನದಲ್ಲಿ ಆಗ ಎಂಜಿನ್ ಟ್ಯಾಂಕಿಗಿಂತ ಇನ್ನಷ್ಟು ಮೇಲೇರಿ ಪಂಪಿನ ಹೊರೆ ಹೆಚ್ಚುತ್ತದೆ. ಎಂಜಿನ್ ಹಿಂದಿರುವ ಲಾಂಗ್-ಈಜಿ ಬಗೆಗೆ ಈ ಲೆಕ್ಕ ತಿರುಗುಮುರುಗು, ಮೂತಿ ಇಳಿದಾಗ ಅದಕ್ಕೆ ಕಷ್ಟ. ಟ್ಯಾಂಕನ್ನು ಬಹುಪಾಲು ಬರಿದು ಮಾಡಿ ಅಳೆದರೆ ಪಂಪಿಗೆ ಎಟುಕದೆ ತಳದಲ್ಲಿ ಉಳಿಯುವ ಪೆಟ್ರೋಲು ಎಷ್ಟು ಎಂಬುದೂ ತಿಳಿಯುತ್ತದೆ. ವಿದ್ಯುತ್ ಪಂಪು ಎರಡಿದ್ದರೆ ಒಂದೊಂದನ್ನೂ ಬೇರೆಬೇರೆಯಾಗಿ, ಬ್ಯಾಟರಿ ಇಳಿದ ವೋಲ್ಟೇಜಿನಲ್ಲೂ ಅಳೆಯಬೇಕು.

ಹವ್ಯಾಸಿಗಳು ಕಟ್ಟಿದ ವಿಮಾನಗಳ ಅಪಘಾತಗಳನ್ನು ಅಧ್ಯಯನ ಮಾಡಿ ಅಮೆರಿಕದ ಸುರಕ್ಷತಾ ಮಂಡಳಿ 2012ರಲ್ಲಿ ಕೊಟ್ಟ ವರದಿ, ಎಂಜಿನ್ ವ್ಯವಸ್ಥೆಯ ವೈಫಲ್ಯವನ್ನು ದೊಡ್ಡ ಕಾರಣವಾಗಿ ಗುರುತಿಸಿತು. ಮೊದಲ ಹಾರಾಟಕ್ಕೆ ಮುಂಚೆ ಇಂಧನ ವ್ಯವಸ್ಥೆಯ ಪರೀಕ್ಷೆ ನಡೆದಿದೆ ಎಂಬುದಕ್ಕೆ ದಾಖಲೆ ಕೇಳಬೇಕೆಂದು ಅದು ಶಿಫಾರಸು ಮಾಡಿತು. ಪ್ರಯೋಗಾಲಯಗಳ ಬಳಿ ಇದಕ್ಕೂ ದೊಡ್ಡ ಸಾಧನಗಳಿವೆ. ಹಂಸ-ಎನ್‌ಜಿಯ ಎಂಜಿನ್ನನ್ನು ಹಾರುತ್ತಿರುವಾಗಲೇ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆ 2022ರ ಮೇ ತಿಂಗಳಲ್ಲಿ ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ ನಡೆಯಿತು. ಅಲ್ಲಿ ವಿಶಾಲ ಓಡುದಾರಿಯಿತ್ತು, ವಾಯುಪಡೆಯ ಪರೀಕ್ಷಾ ಪೈಲಟ್‌ಗಳಿದ್ದರು.

ಗ್ಯಾರೇಜಿನ ನಿರ್ಮಾತೃವಿಗೆ ಅಂಥ ಬೆಂಬಲವಿಲ್ಲ. ಆದರೆ ಅವನ ಲಾಗ್ ಪುಸ್ತಕದಲ್ಲಿ ಪ್ರತಿ ಪಂಪಿನ ಹರಿವು, ಒತ್ತಡ, ವೋಲ್ಟೇಜು, ಅಂದಿನ ಬಿಸಿ, ಟ್ಯಾಂಕಿನ ತಳದಲ್ಲಿ ಉಳಿದ ಪೆಟ್ರೋಲು ಇಷ್ಟೂ ದಾಖಲಾಗಿ, ವಿಮಾನ ಬಲ್ಲ ಇನ್ನೊಬ್ಬರು ಅದನ್ನು ನೋಡಿ ಸಹಿ ಹಾಕಿರಬೇಕು. ಮೊದಲ ಹಾರಾಟಗಳಲ್ಲಿ ಸಹಾಯಕ ಪಂಪು ಏರುವಾಗಲೂ ಇಳಿಯುವಾಗಲೂ ಓಡುತ್ತಿರಲಿ. ಅದನ್ನು ಆರಿಸಿ ನೋಡುವುದು ಸಾಕಷ್ಟು ಎತ್ತರ ತಲುಪಿದ ಮೇಲೆ, ಎಂಜಿನ್ ನಿಂತರೂ ತೇಲಿಕೊಂಡೇ ಓಡುದಾರಿಗೆ ಮರಳಬಹುದಾದ ದೂರದಲ್ಲಿ, ಒತ್ತಡದ ಮುಳ್ಳಿನ ಮೇಲೆ ಕಣ್ಣಿಟ್ಟು. ಮುಳ್ಳು ಇಳಿದರೆ ಪಂಪು ತಕ್ಷಣ ಮತ್ತೆ ಹಾಕಿ ಇಳಿಯಬೇಕು, ಕಾರಣ ಹುಡುಕಿ ಸರಿಪಡಿಸುವವರೆಗೆ ವಿಮಾನ ಮತ್ತೆ ಏರಬಾರದು.